ಹಾಸಿಗೆಯ ಮೇಲಿನ ಮೇಲ್ಕಟ್ಟು: ಶ್ರಾವಕರ ಮನೆಯಲ್ಲಿ ಚಂದೋವಾ



ಮಲಗುವ ಮಂಚದ ಅಥವಾ ಹಾಸಿಗೆಯ ಮೇಲೆ, ಮಾಳಿಗೆಗಿಂತ ಸ್ವಲ್ಪ ಕೆಳಗೆ, ನಾಲ್ಕು ಮೂಲೆಗೆ ಕಟ್ಟಿ ಹರವಿದ ಬಟ್ಟೆಗೆ ಕನ್ನಡದಲ್ಲಿ ಮೇಲ್ಕಟ್ಟು ಎಂದು ಹೆಸರು. ಸಂಸ್ಕೃತದಲ್ಲಿ ಇದು ವಿತಾನ, ಉಲ್ಲೋಚ. ಹಿಂದಿ ಪ್ರವಚನ ಕೇಳಿ ಬೆಳೆದ ದಿಗಂಬರ ಮನೆಗಳಲ್ಲಿ ಚಂದೋವಾ ಅನ್ನುತ್ತಾರೆ. ಮಾರವಾಡ, ಗುಜರಾತ ಕಡೆಯಿಂದ ವ್ಯಾಪಾರಕ್ಕೆ ಬಂದು ನಮ್ಮಲ್ಲಿ ನೆಲೆಸಿದ ಶ್ವೇತಾಂಬರ ಮನೆಗಳಲ್ಲಿ ಚಂದರವೋ ಅನ್ನುತ್ತಾರೆ. ಹೆಸರು ಬೇರೆಯಾದರೂ ವಸ್ತು ಒಂದೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ನಮ್ಮ ಸಮಾಜದ ಮನೆಗಳಲ್ಲಿ ಹಿಂದಿನವರು ಕಟ್ಟುತ್ತಿದ್ದ ಈ ಮೇಲ್ಕಟ್ಟು ಈಗ ಹೆಚ್ಚಾಗಿ ಮದುವೆಯ ಅಲಂಕಾರದಲ್ಲಿ, ಮಂದಿರದ ವೇದಿಯ ಮೇಲೆ ಮಾತ್ರ ಕಾಣುತ್ತದೆ. ಇದನ್ನು ಏಕೆ ಕಟ್ಟುತ್ತಿದ್ದರು, ಇಂದಿನ ಮನೆಗೆ ಇದು ಬೇಕೇ, ಬೇಕಾದರೆ ಹೇಗೆ ಕಟ್ಟಿ ಹೇಗೆ ನೋಡಿಕೊಳ್ಳಬೇಕು ಎಂಬ ವಿವರ ಇಲ್ಲಿದೆ.

ಹತ್ತು ಸ್ಥಳಗಳು

ಶ್ರಾವಕರ ಮನೆಯಲ್ಲಿ ಹತ್ತು ಕಡೆ ಮೇಲ್ಕಟ್ಟು ಇರಬೇಕು ಎಂದು ಪರಂಪರೆ ಹೇಳುತ್ತದೆ. ಒಲೆಯ ಮೇಲೆ, ಕುಡಿಯುವ ನೀರಿನ ಕೊಡ ಇಡುವ ಕಡೆ, ಬೀಸುವ ಕಲ್ಲಿನ ಮೇಲೆ, ಕುಟ್ಟುವ ಒರಳಿನ ಮೇಲೆ, ಮಜ್ಜಿಗೆ ಕಡೆಯುವ ಕಡೆ, ಊಟಕ್ಕೆ ಕೂಡುವ ಕಡೆ, ಸ್ನಾನದ ಕಡೆ, ಮಲಗುವ ಹಾಸಿಗೆಯ ಮೇಲೆ, ಸಾಮಾಯಿಕ ಸ್ವಾಧ್ಯಾಯಕ್ಕೆ ಕೂಡುವ ಕಡೆ, ದೇವರ ಪೂಜೆಯ ಕಡೆ. ಆಮ್ನಾಯದಿಂದ ಆಮ್ನಾಯಕ್ಕೆ ಈ ಪಟ್ಟಿಯಲ್ಲಿ ಒಂದೆರಡು ಹೆಸರು ಹೆಚ್ಚುಕಡಿಮೆಯಾಗುತ್ತವೆ. ಹಾಸಿಗೆ ಮಾತ್ರ ಪಟ್ಟಿಯಲ್ಲಿ ಇದ್ದೇ ಇರುತ್ತದೆ.

ಪಟ್ಟಿಯನ್ನು ಒಮ್ಮೆ ಸಾವಕಾಶ ಓದಿದರೆ ಇದರ ಹಿಂದಿನ ಲೆಕ್ಕ ತಿಳಿಯುತ್ತದೆ. ಮೇಲಿನಿಂದ ಒಂದು ಸಣ್ಣ ಜೀವ ಬಿದ್ದರೆ ಸಾಯುವ ಜಾಗಗಳೇ ಇಲ್ಲಿ ಹೆಚ್ಚು. ಒಲೆಯಲ್ಲಿ ಬಿದ್ದರೆ ಸುಡುತ್ತದೆ, ನೀರಲ್ಲಿ ಬಿದ್ದರೆ ಮುಳುಗುತ್ತದೆ, ಬೀಸುವ ಕಲ್ಲಿನಲ್ಲಿ, ಒರಳಿನಲ್ಲಿ ಅರೆದುಹೋಗುತ್ತದೆ. ಹಾಸಿಗೆಯಲ್ಲಿ ಬಿದ್ದರೆ ನಿದ್ದೆಯಲ್ಲಿ ಹೊರಳುವವರ ಮೈಕೆಳಗೆ ಸಿಕ್ಕು ಸಾಯುತ್ತದೆ. ಅದು ಕಚ್ಚುವ ಜೀವವಾಗಿದ್ದರೆ ಸಾಯುವ ಮೊದಲು ಮಲಗಿದವರನ್ನೂ ಕಚ್ಚುತ್ತದೆ. ಬಿದ್ದ ಜೀವ ಮತ್ತು ಮಲಗಿದ ಜೀವ, ಎರಡಕ್ಕೂ ನಡುವೆ ಒಂದು ಬಟ್ಟೆ ಅಡ್ಡ ಇಡುವುದೇ ಮೇಲ್ಕಟ್ಟಿನ ಉದ್ದೇಶ. ಅಂದ ಚಂದ ಆಮೇಲಿನ ಮಾತು.

ತತ್ತ್ವಾರ್ಥಸೂತ್ರವು ಹುಳು, ಇರುವೆ, ದುಂಬಿ, ಮನುಷ್ಯ ಎಂಬ ಕ್ರಮದಲ್ಲಿ ಒಂದೊಂದು ಇಂದ್ರಿಯ ಹೆಚ್ಚಾಗುತ್ತ ಹೋಗುವುದನ್ನು ಹೇಳುತ್ತದೆ. ತಿಗಣೆ, ಹೇನು ಮೂರು ಇಂದ್ರಿಯದ ಜೀವಗಳು. ನೊಣ, ಗುಂಗಾಡ ನಾಲ್ಕು ಇಂದ್ರಿಯದ ಜೀವಗಳು. ಇವೆಲ್ಲ ತ್ರಸ ಜೀವಗಳು. ಗೃಹಸ್ಥರ ಅಹಿಂಸಾಣುವ್ರತದಲ್ಲಿ ತ್ರಸ ಜೀವದ ಸಂಕಲ್ಪಿ ಹಿಂಸೆಯನ್ನು, ಅಂದರೆ ಕೊಲ್ಲಬೇಕೆಂದೇ ಕೊಲ್ಲುವುದನ್ನು, ಬಿಡಬೇಕು ಎಂದಿದೆ. ನಿದ್ದೆಯಲ್ಲಿ ಆದದ್ದು ಸಂಕಲ್ಪಿ ಹಿಂಸೆಯಲ್ಲ ನಿಜ. ಆದರೆ ತಪ್ಪಿಸಲು ಸಾಧ್ಯವಿದ್ದು ತಪ್ಪಿಸದೆ ಇರುವುದು ಪ್ರಮಾದ. ನಿದ್ದೆ ಹೋಗುವ ಮೊದಲೇ ಮಾಡಿಟ್ಟುಕೊಳ್ಳುವ ಎಚ್ಚರಿಕೆಯೇ ಮೇಲ್ಕಟ್ಟು.

ಮೃಗಸುಂದರಿಯ ಕಥೆ

ಶ್ವೇತಾಂಬರ ಪರಂಪರೆಯಲ್ಲಿ ಮೇಲ್ಕಟ್ಟಿನ ಮಹತ್ವ ಹೇಳುವಾಗ ಮೃಗಸುಂದರಿಯ ಕಥೆ ಬರುತ್ತದೆ. ಜಿನಪೂಜೆ, ಮುನಿಗಳಿಗೆ ದಾನ, ರಾತ್ರಿ ಭೋಜನ ತ್ಯಾಗ ಎಂಬ ನಿಯಮ ಹಿಡಿದ ಹೆಣ್ಣುಮಗಳು ಆಕೆ. ಈ ಆಚಾರ ಇಲ್ಲದ ಮನೆಗೆ ಸೊಸೆಯಾಗಿ ಹೋಗಿ ಒಲೆಯ ಮೇಲೆ ಮೇಲ್ಕಟ್ಟು ಕಟ್ಟಿದಳು. ಮನೆಯವರು ಇದೇನೋ ಮಾಟ ಎಂದು ತಿಳಿದರು, ಗಂಡ ಅದನ್ನು ಸುಟ್ಟ. ಆಕೆ ಮತ್ತೆ ಕಟ್ಟಿದಳು, ಆತ ಮತ್ತೆ ಸುಟ್ಟ. ಹೀಗೆ ಏಳು ಸಲ ಆಯಿತು. ಕಡೆಗೆ ಆಕೆಯನ್ನು ತವರಿಗೆ ಬಿಡಲು ಹೊರಟಾಗ ದಾರಿಯಲ್ಲಿ ಒಂದು ಮನೆಯಲ್ಲಿ ತಂಗಿದರು. ರಾತ್ರಿ ಅಡುಗೆಯಾಯಿತು. ಮೃಗಸುಂದರಿ ಉಣ್ಣಲಿಲ್ಲ, ಆಕೆಯ ಕಾರಣಕ್ಕೆ ಜೊತೆಯವರೂ ಉಣ್ಣಲಿಲ್ಲ. ಉಂಡ ಮನೆಯವರು ಬೆಳಗಾಗುವುದರೊಳಗೆ ಸತ್ತಿದ್ದರು. ನೋಡಿದರೆ, ಹೊಗೆಗೆ ಸಿಕ್ಕ ಹಾವು ಮೇಲಿನಿಂದ ಪಾತ್ರೆಗೆ ಬಿದ್ದು ಅನ್ನದ ಜೊತೆ ಬೆಂದಿತ್ತು. ಆಗ ಗಂಡನಿಗೆ ಆ ಬಟ್ಟೆಯ ಅರ್ಥ ತಿಳಿಯಿತು.

ಕಥೆ ಒಲೆಯದು. ಆದರೆ ಹಾವು ಬಿದ್ದ ಮಾಳಿಗೆ ಒಲೆಯ ಮೇಲೆ ಮಾತ್ರ ಇರುವುದಿಲ್ಲ, ಹಾಸಿಗೆಯ ಮೇಲೂ ಇರುತ್ತದೆ.

ಕಲ್ಪಸೂತ್ರದಲ್ಲಿ ತ್ರಿಶಲಾ ಮಾತೆಯ ಶಯನಗೃಹದ ವರ್ಣನೆ ಇದೆ. ಪಶ್ಚಿಮ ಭಾರತದ ಹಳೆಯ ಕಲ್ಪಸೂತ್ರದ ಹಸ್ತಪ್ರತಿ ಚಿತ್ರಗಳಲ್ಲಿ ತ್ರಿಶಲಾ ಮಾತೆ ಸ್ವಪ್ನ ಕಾಣುತ್ತ ಮಲಗಿದ ಮಂಚದ ಮೇಲೆ ಬಣ್ಣದ ವಿತಾನವನ್ನು ಬರೆದಿರುವುದನ್ನು ನೋಡಬಹುದು. ಹಾಸಿಗೆಯ ಮೇಲೆ ಬಟ್ಟೆ ಕಟ್ಟುವುದು ಈಚಿನ ಫ್ಯಾಷನ್ ಅಲ್ಲ ಎನ್ನುವುದಕ್ಕೆ ಇದು ಸಾಕು.

ನಮ್ಮ ಕಡೆಯ ಮಾಳಿಗೆ ಮನೆಗಳು

ನಮ್ಮ ಜಿಲ್ಲೆಯ ಹಳೆಯ ಮನೆಗಳು ಮೇಲ್ಮುದ್ದೆಯ ಮಾಳಿಗೆ ಮನೆಗಳು. ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆ ಚಕ್ಕೆ, ಅದರ ಮೇಲೆ ದಪ್ಪಗೆ ಮಣ್ಣು. ಬೇಸಿಗೆಯಲ್ಲಿ ಈ ಮನೆ ತಂಪು. ಆದರೆ ಮಣ್ಣು ಒಣಗಿದಂತೆ ಜಂತಿಯ ಸಂದಿನಿಂದ ಧೂಳು, ಹರಳು ಉದುರುತ್ತಿರುತ್ತದೆ. ಮಳೆಗಾಲದಲ್ಲಿ ಚೇಳು, ಜೇಡ, ಹಲ್ಲಿ, ಒಮ್ಮೊಮ್ಮೆ ಹಾವು ಕೂಡ ಆ ಸಂದಿಯಲ್ಲಿ ಸೇರುತ್ತವೆ. ಇಲಿ ಬಿಲ ತೋಡಿದರೆ ಮಣ್ಣಿನ ಹೆಂಟೆಯೇ ಬೀಳುತ್ತದೆ. ನಿದ್ದೆ ಬಾರದವರು ಜಂತಿ ಎಣಿಸುತ್ತಾರೆ ಅನ್ನುವ ಮಾತು ಹುಟ್ಟಿದ್ದು ಇಂಥ ಮನೆಗಳಲ್ಲಿ. ಜಂತಿ ಎಣಿಸುವಾಗ ಅಲ್ಲಿ ಏನು ಓಡಾಡುತ್ತಿದೆ ಎನ್ನುವುದೂ ಕಾಣುತ್ತಿತ್ತು.

ಇಂಥ ಮನೆಯಲ್ಲಿ ಬಾಣಂತಿಯ ಮಂಚದ ಮೇಲೆ, ಕೂಸಿನ ತೊಟ್ಟಿಲ ಮೇಲೆ, ಹಿರಿಯರ ಹಾಸಿಗೆಯ ಮೇಲೆ ಒಂದು ಬಟ್ಟೆ ಕಟ್ಟುವುದಕ್ಕೆ ಯಾರೂ ಶಾಸ್ತ್ರ ಹೇಳಿಕೊಡಬೇಕಾಗಿರಲಿಲ್ಲ. ಗೋಡೆಯ ಗಿಳಿಗೂಟ ಮತ್ತು ಜಂತಿಗೆ ಹಗ್ಗ ಬಿಗಿದರೆ ಆಯಿತು. ಜೈನರಲ್ಲದ ಮನೆಗಳಲ್ಲಿಯೂ ಕಟ್ಟುತ್ತಿದ್ದರು. ನಮ್ಮವರಲ್ಲಿ ಮಾತ್ರ ಅದಕ್ಕೆ ಜೀವದಯೆಯ ನಿಯಮವೂ ಸೇರಿಕೊಂಡಿತು.

ಈಗ ಹೆಚ್ಚಿನ ಮನೆಗಳು ಆರ್‌ಸಿಸಿ ಛತ್ತಿನವು. ಮಣ್ಣು ಉದುರುವುದಿಲ್ಲ, ಚೇಳು ಬೀಳುವುದು ಕಡಿಮೆ. ಹಾಗಾಗಿ ಮೇಲ್ಕಟ್ಟಿನ ಒಂದು ಕಾರಣ ಹೋಯಿತು. ಆದರೆ ಇನ್ನೊಂದು ಕಾರಣ ಬಲವಾಯಿತು, ಅದು ಗುಂಗಾಡ. ಆಲಮಟ್ಟಿ, ನಾರಾಯಣಪುರದ ಹಿನ್ನೀರು ಮತ್ತು ಕಾಲುವೆಗಳು ನಮ್ಮ ತಾಲೂಕುಗಳ ಹೊಲಕ್ಕೆ ಜೀವ ಕೊಟ್ಟವು. ಜೊತೆಗೆ ನಿಂತ ನೀರೂ ಹೆಚ್ಚಿತು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ಮನೆಮನೆಗೆ ಡ್ರಮ್ಮು, ಟಾಕಿ, ಹೌದು ತುಂಬಿ ಇಡುತ್ತೇವೆ. ಹೀಗಾಗಿ ಇಂದಿನ ಶ್ರಾವಕರ ಮನೆಗೆ ಬೇಕಾದ ಮೇಲ್ಕಟ್ಟು ನಾಲ್ಕೂ ಕಡೆ ಇಳಿಬಿಟ್ಟ ಪರದೆಯ ಮೇಲ್ಕಟ್ಟು, ಅಂದರೆ ಸೊಳ್ಳೆ ಪರದೆ.

ಮುನಿಗಳಿಗೆ ಪರೀಷಹ, ಗೃಹಸ್ಥರಿಗೆ ಪರದೆ

ಕೆಲವರು ಕೇಳುತ್ತಾರೆ: ಮುನಿಗಳು ಗುಂಗಾಡದ ಕಡಿತ ಸಹಿಸುವುದಿಲ್ಲವೇ, ನಾವೇಕೆ ಪರದೆ ಕಟ್ಟಬೇಕು? ಇಪ್ಪತ್ತೆರಡು ಪರೀಷಹಗಳಲ್ಲಿ ಐದನೆಯದು ದಂಶಮಶಕ ಪರೀಷಹ, ಅಂದರೆ ನೊಣ, ಸೊಳ್ಳೆ ಮೊದಲಾದವುಗಳ ಕಡಿತವನ್ನು ಸಮಭಾವದಿಂದ ಸಹಿಸುವುದು. ಅದು ಮಹಾವ್ರತ ಹಿಡಿದವರ ಸಾಧನೆ. ಗೃಹಸ್ಥರ ಮನೆಯಲ್ಲಿ ಕೂಸು ಇರುತ್ತದೆ, ಗರ್ಭಿಣಿ ಇರುತ್ತಾಳೆ, ಮುಪ್ಪಿನವರು ಇರುತ್ತಾರೆ. ಅವರ ಮೇಲೆ ಮುನಿಗಳ ಪರೀಷಹ ಹೇರುವುದು ಧರ್ಮವಲ್ಲ.

ಸಹಿಸಲೂ ಆಗದು, ಕೊಲ್ಲಲೂ ಬಾರದು ಎನ್ನುವವರಿಗೆ ಮೂರನೆಯ ದಾರಿಯೇ ಪರದೆ. ಅದು ಕೊಲ್ಲುವುದಿಲ್ಲ, ತಡೆಯುತ್ತದೆ ಅಷ್ಟೆ. ವಿದ್ಯುತ್ ಬ್ಯಾಟು ಹಿಡಿದು ಚಟಚಟ ಎಂದು ಸುಡುವುದು ಸಂಕಲ್ಪಿ ಹಿಂಸೆ, ಅದರಲ್ಲಿ ಎರಡು ಮಾತಿಲ್ಲ. ಮಕ್ಕಳ ಕೈಗೆ ಅದನ್ನು ಆಟಿಗೆಯಂತೆ ಕೊಡುವುದು ಇನ್ನೂ ಕೆಟ್ಟದ್ದು. ಕಾಯಿಲ್ ಹಚ್ಚಿ ಕದ ಮುಚ್ಚಿದರೆ ಆ ಹೊಗೆ ನಮ್ಮ ಎದೆಗೂ ಹೋಗುತ್ತದೆ. ಪರದೆಯೊಳಗೆ ವಿಷವಿಲ್ಲ, ಹೊಗೆಯಿಲ್ಲ, ಕೊಲೆಯಿಲ್ಲ.

ಊರಿಗೆ ವಿಹಾರದಲ್ಲಿ ಬಂದ ತ್ಯಾಗಿಗಳ ವಸತಿಯ ವ್ಯವಸ್ಥೆ ಮಾಡುವ ಕಾರ್ಯಕರ್ತರಿಗೆ ಒಂದು ಸೂಚನೆ. ಮುನಿಗಳು ತಂಗುವ ಕಡೆ ನಮ್ಮ ಭಕ್ತಿಯಿಂದ ಪರದೆ, ಮೇಲ್ಕಟ್ಟು ಕಟ್ಟಿಬಿಡಬಾರದು. ಸಂಘದ ಜೊತೆಗಿರುವವರನ್ನು ಮೊದಲು ಕೇಳಿ, ಅವರ ಮರ್ಯಾದೆ ಏನಿದೆಯೋ ಹಾಗೆ ನಡೆಯಬೇಕು. ಆಹಾರ ಸಿದ್ಧಪಡಿಸುವ ಚೌಕದಲ್ಲಿ ಮಾತ್ರ ಅಡುಗೆಯ ಮೇಲೆ ಶುದ್ಧ ಬಟ್ಟೆಯ ಚಂದೋವಾ ಕಟ್ಟುವ ರೂಢಿಯನ್ನು ತಪ್ಪಿಸಬಾರದು. ಛತ್ತು ಎಷ್ಟೇ ಹೊಸದಾಗಿದ್ದರೂ ಹಲ್ಲಿಗೆ ಹೊಸದು ಹಳೆಯದು ಗೊತ್ತಿಲ್ಲ.

ಬಟ್ಟೆ ಯಾವುದು

ಮೇಲ್ಕಟ್ಟಿಗೆ ಹತ್ತಿಯ ಬಟ್ಟೆಯೇ ಸರಿ. ಮಾದರಪಾಟ ಗಟ್ಟಿ, ಅಗ್ಗ, ವರ್ಷಗಟ್ಟಲೆ ಬಾಳುತ್ತದೆ. ಧೂಳು ತಡೆಯುವ ಮೇಲ್ಕಟ್ಟಿಗೆ ಇದು ಉತ್ತಮ. ಗಾಳಿ ಬೇಕಾದರೆ ಮಲ್‌ಮಲ್ ಅಥವಾ ವಾಯಿಲ್ ಒಳ್ಳೆಯದು. ಬಣ್ಣ ಬಿಳಿ ಅಥವಾ ತಿಳಿ ಇರಲಿ. ತಿಳಿ ಬಟ್ಟೆಯ ಮೇಲೆ ಕೂತ ಜೀವ ಕಣ್ಣಿಗೆ ಕಾಣುತ್ತದೆ, ಎತ್ತಿ ಹೊರಗೆ ಬಿಡಲು ಬರುತ್ತದೆ. ಕಡು ಬಣ್ಣದ, ದಪ್ಪ ಹೂಬಳ್ಳಿಯ ಬಟ್ಟೆಯಲ್ಲಿ ಜೇಡ, ತಿಗಣೆ ಕೂತರೂ ಕಾಣುವುದಿಲ್ಲ.

ರೇಷ್ಮೆ ಬೇಡ. ಗೂಡಿನೊಳಗಿನ ಹುಳುವನ್ನು ಬಿಸಿಯಲ್ಲಿ ಕೊಂದು ತೆಗೆದ ನೂಲು ಅದು. ಜೀವ ಉಳಿಸಲು ಕಟ್ಟುವ ಬಟ್ಟೆಗೆ ಜೀವ ತೆಗೆದ ನೂಲು ಹೊಂದುವುದಿಲ್ಲ. ಮಂದಿರಕ್ಕೆ ಚಂದೋವಾ ದಾನ ಮಾಡುವವರೂ, ಉದ್ಯಾಪನದಲ್ಲಿ ಪೂಠಿಯು, ಚಂದರವೋ, ತೋರಣದ ಛೋಡ ಮಾಡಿಸುವವರೂ ಇದನ್ನು ನೆನಪಿಡಬೇಕು. ಜರಿ ಕೆಲಸವನ್ನು ಹತ್ತಿಯ ಮೇಲೂ ಮಾಡಿಸಬಹುದು.

ಮನೆಯಲ್ಲಿ ಹಳೆಯ ಇಲಕಲ್ ಸೀರೆ ಇದ್ದರೆ ಅದರ ಹತ್ತಿಯ ಒಡಲು ಮೇಲ್ಕಟ್ಟಿಗೆ ಬಹಳ ಚೆನ್ನಾಗಿ ಬರುತ್ತದೆ. ಇಲಕಲ್ ಸೀರೆಯ ತೋಪು ತೆನಿ ಸೆರಗು ಸಾಮಾನ್ಯವಾಗಿ ರೇಷ್ಮೆಯದು, ಕೊಂಡಿ ಹಾಕಿ ಒಡಲಿಗೆ ಕೂಡಿಸಿದ್ದು. ಆ ಸೆರಗನ್ನು ಬೇರೆ ಮಾಡಿ ಒಡಲನ್ನು ಮಾತ್ರ ಬಳಸಿದರೆ ಆಯಿತು. ಅಜ್ಜಿಯ ಸೀರೆ ಮೊಮ್ಮಗುವಿನ ಹಾಸಿಗೆಯ ಮೇಲೆ ನೆರಳಾಗಿ ಇರುವುದು ಒಳ್ಳೆಯದೇ.

ಅಳತೆ ಮತ್ತು ಹೊಲಿಗೆ

ಮೇಲ್ಕಟ್ಟು ಹಾಸಿಗೆಗಿಂತ ನಾಲ್ಕೂ ಕಡೆ ಕನಿಷ್ಠ ಅರ್ಧ ಅಡಿ ಹೆಚ್ಚಿರಬೇಕು. ಹಾಸಿಗೆಯಷ್ಟೇ ಕಟ್ಟಿದರೆ ಅಂಚಿನಿಂದ ಜಾರಿದ್ದು ಹಾಸಿಗೆಯ ಮೇಲೆಯೇ ಬೀಳುತ್ತದೆ.

ಉದಾಹರಣೆಗೆ 48 ಇಂಚು ಅಗಲ, 75 ಇಂಚು ಉದ್ದದ ಮಂಚ ಇದೆ ಎನ್ನಿ. 36 ಇಂಚು ಪನ್ನದ ಬಟ್ಟೆಯಲ್ಲಿ ಎರಡೂವರೆ ವಾರದ, ಅಂದರೆ 90 ಇಂಚಿನ, ಎರಡು ತುಂಡು ಬೇಕು. ಒಟ್ಟು 5 ವಾರ, ಮೀಟರ್ ಲೆಕ್ಕದಲ್ಲಿ ಸುಮಾರು 4.6. ಎರಡನ್ನೂ ಉದ್ದಕ್ಕೆ ಕೂಡಿಸಿ ಅಂಚು ಮಡಚಿ ಹೊಲಿದರೆ ಸುಮಾರು 70 ಇಂಚು ಅಗಲ, 87 ಇಂಚು ಉದ್ದದ ಮೇಲ್ಕಟ್ಟು ಸಿಗುತ್ತದೆ. ಕೋರಾ ಬಟ್ಟೆ ತೊಳೆದರೆ ಕುಗ್ಗುತ್ತದೆ, ಆದ್ದರಿಂದ ಹೊಲಿಯುವ ಮೊದಲೇ ಒಮ್ಮೆ ನೆನೆಸಿ ಒಣಗಿಸಬೇಕು.

ನಾಲ್ಕು ಮೂಲೆಗೆ ಮತ್ತು ಉದ್ದದ ಎರಡು ಬದಿಯ ನಡುವೆ ಒಂದೊಂದು, ಹೀಗೆ ಆರು ಲಾಡಿ ಹಚ್ಚಬೇಕು. ಲಾಡಿ ಹಚ್ಚುವ ಕಡೆ ಬಟ್ಟೆ ಎರಡು ಪದರ ಮಾಡಿದರೆ ಹರಿಯುವುದಿಲ್ಲ. ನಿರಿಗೆ, ಝಾಲರು, ಗೊಂಡೆ ಕಡಿಮೆ ಇದ್ದಷ್ಟು ಒಳ್ಳೆಯದು. ನಿರಿಗೆಯ ಮಡಿಕೆಯೇ ತಿಗಣೆ, ಜೇಡಗಳ ಮನೆ.

ಸೊಳ್ಳೆ ಪರದೆ ಕೊಳ್ಳುವಾಗ ಜಾಳಿಗೆಯ ಕಣ್ಣು ನೋಡಿ. ಒಂದು ಚದರ ಇಂಚಿಗೆ 156 ಕಣ್ಣು ಇರುವುದು ಸಾಮಾನ್ಯವಾಗಿ ಒಪ್ಪಿದ ಅಳತೆ. ಅದಕ್ಕಿಂತ ಕಣ್ಣು ದೊಡ್ಡದಾದರೆ ಗುಂಗಾಡ ನುಸುಳುತ್ತದೆ, ಬಹಳ ಸಣ್ಣದಾದರೆ ನಮ್ಮ ಬೇಸಿಗೆಯಲ್ಲಿ ಒಳಗೆ ಗಾಳಿ ಆಡುವುದಿಲ್ಲ. ಪರದೆಯ ಕೆಳ ಅಂಚು ಗಾದಿಯ ಕೆಳಗೆ ಮಡಚಿ ಸಿಕ್ಕಿಸುವಷ್ಟು ಉದ್ದ ಇರಬೇಕು.

ಕಟ್ಟುವ ಕ್ರಮ

ಮಾಳಿಗೆ ಮನೆಯಲ್ಲಿ ಮೇಲ್ಕಟ್ಟನ್ನು ಜಂತಿಗೆ ತಾಗಿಸಿ ಕಟ್ಟಬಾರದು, ಒಂದು ಅಡಿಯಾದರೂ ಕೆಳಗಿರಲಿ. ತಾಗಿಸಿದರೆ ಜಂತಿಯಿಂದ ಬಟ್ಟೆಗೆ ಸೀದಾ ದಾರಿಯಾಗುತ್ತದೆ, ಒರೆಸಲೂ ಕೈ ಹೋಗುವುದಿಲ್ಲ. ನಡುವೆ ತಗ್ಗಾಗದಂತೆ ಬಿಗಿಯಾಗಿ ಎಳೆದು ಕಟ್ಟಬೇಕು. ತಗ್ಗಾದರೆ ಬಿದ್ದ ಮಣ್ಣು ಅಲ್ಲೇ ಕೂಡಿ ಭಾರವಾಗಿ ಒಂದು ದಿನ ಹರಿದು ಬೀಳುತ್ತದೆ.

ಫ್ಯಾನ್ ಇರುವ ಕೋಣೆಯಲ್ಲಿ ದಪ್ಪ ಬಟ್ಟೆ ಕಟ್ಟಿದರೆ ಗಾಳಿ ಬರುವುದಿಲ್ಲ, ಬಟ್ಟೆ ರೆಕ್ಕೆಗೆ ಸಿಕ್ಕುವ ಭಯವೂ ಇದೆ. ಅಲ್ಲಿ ಜಾಳಿಗೆ ಪರದೆಯೇ ಲೇಸು, ಅದನ್ನೂ ರೆಕ್ಕೆಯಿಂದ ಸಾಕಷ್ಟು ಕೆಳಗೆ ಕಟ್ಟಬೇಕು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವವರು ಹೊರಸಿನ ನಾಲ್ಕು ಕಾಲಿಗೆ ನಾಲ್ಕು ಬಿದಿರು ಗಳ ಕಟ್ಟಿ ಅದಕ್ಕೆ ಪರದೆ ಕಟ್ಟಿದರೆ ಸಾಕು.

ಪರದೆಯನ್ನು ಹೊತ್ತು ಮುಳುಗುವ ಮೊದಲೇ ಇಳಿಬಿಡಬೇಕು. ಕತ್ತಲಾದ ಮೇಲೆ ಇಳಿಬಿಟ್ಟರೆ ಗುಂಗಾಡ ಒಳಗೆ ಸಿಕ್ಕಿರುತ್ತದೆ, ರಾತ್ರಿಯಿಡೀ ಅದೂ ಬಳಲುತ್ತದೆ, ನಾವೂ ಬಳಲುತ್ತೇವೆ. ಒಳಗೆ ಸಿಕ್ಕಿದ್ದರೆ ಒಂದು ಲೋಟ ಮುಚ್ಚಿ, ಕೆಳಗೆ ದಪ್ಪ ಕಾಗದ ಜಾರಿಸಿ, ಹೊರಗೆ ಬಿಟ್ಟು ಬರಬಹುದು. ಮಲಗಿದಾಗ ಕೈಕಾಲು ಪರದೆಗೆ ತಾಗಬಾರದು, ತಾಗಿದರೆ ಹೊರಗಿನಿಂದಲೇ ಕಚ್ಚುತ್ತದೆ. ಹರಿದ ತೂತನ್ನು ಅಂದೇ ಹೊಲಿಯಬೇಕು.

ಪರದೆಯ ಒಳಗೆ ಅಥವಾ ಹತ್ತಿರ ದೀಪ, ಊದುಬತ್ತಿ, ಕಾಯಿಲ್ ಹಚ್ಚಬಾರದು. ನೈಲಾನ್ ಜಾಳಿಗೆ ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ತೊಟ್ಟಿಲಿಗೆ ಕಟ್ಟುವ ಮೇಲ್ಕಟ್ಟಿನ ಲಾಡಿ, ಗೊಂಡೆ, ಹಗ್ಗ ಕೂಸಿನ ಕೈಗೆ ಸಿಗಬಾರದು, ಕೊರಳಿಗೆ ಸುತ್ತಿಕೊಳ್ಳುವ ಅಪಾಯ ಇದೆ. ಈಗ ಅಂಗಡಿಯಲ್ಲಿ ಸಿಗುವ, ಒಂದೇ ಕೊಂಡಿಯಿಂದ ಇಳಿಬಿಡುವ ಅಲಂಕಾರದ ಪರದೆಗಳನ್ನು ಸಣ್ಣ ಮಕ್ಕಳ ಹಾಸಿಗೆಗೆ ಕಟ್ಟುವಾಗ ಈ ಎಚ್ಚರಿಕೆ ಮುಖ್ಯ.

ಕಟ್ಟಿದರೆ ಸಾಲದು, ನೋಡಿಕೊಳ್ಳಬೇಕು

ಈ ಲೇಖನದ ಮುಖ್ಯ ಮಾತು ಇದು. ಕಟ್ಟಿ ಮರೆತ ಮೇಲ್ಕಟ್ಟು ಮೇಲ್ಕಟ್ಟಿಲ್ಲದ ಹಾಸಿಗೆಗಿಂತ ಕೆಟ್ಟದ್ದು. ಅದರ ಮೇಲೆ ಧೂಳು ಕೂಡುತ್ತದೆ, ಜೇಡ ಬಲೆ ಹೆಣೆಯುತ್ತದೆ, ಆ ಬಲೆಗೆ ಬೇರೆ ಜೀವ ಸಿಕ್ಕು ಸಾಯುತ್ತವೆ, ಮಡಿಕೆಯಲ್ಲಿ ತಿಗಣೆ ಮೊಟ್ಟೆ ಇಡುತ್ತದೆ. ಆರು ತಿಂಗಳ ನಂತರ ಅದನ್ನು ಬಿಚ್ಚಿ ಕೊಡವಿ ಬಿಸಿನೀರಿಗೆ ಹಾಕಿದರೆ ಎಷ್ಟು ಜೀವ ಹೋದವು ಎಂಬ ಲೆಕ್ಕ ಯಾರಿಗೂ ಸಿಗುವುದಿಲ್ಲ. ಜೀವದಯೆಗೆಂದು ಕಟ್ಟಿದ್ದೇ ಹಿಂಸೆಯ ಜಾಗವಾಗುತ್ತದೆ.

ತ್ಯಾಗಿಗಳು ತಮ್ಮ ಉಪಕರಣಗಳನ್ನು ದಿನವೂ ನೋಡಿ, ಮೃದುವಾಗಿ ಒರೆಸಿ ಇಡುತ್ತಾರೆ. ಅದಕ್ಕೆ ಪ್ರತಿಲೇಖನ ಎಂದು ಹೆಸರು. ಗೃಹಸ್ಥರಿಗೆ ಅಷ್ಟು ಸಾಧ್ಯವಿಲ್ಲದಿದ್ದರೂ ಈ ಕೆಳಗಿನಷ್ಟನ್ನು ಮಾಡಬಹುದು:

– ದಿನವೂ ಸಂಜೆ ಬೆಳಕಿರುವಾಗ ಹಾಸಿಗೆ, ತಲೆದಿಂಬು, ಮೇಲ್ಕಟ್ಟು ಮೂರನ್ನೂ ಒಮ್ಮೆ ಕಣ್ಣಾಡಿಸಿ ನೋಡುವುದು.

– ವಾರಕ್ಕೊಮ್ಮೆ ಮೃದುವಾದ ಕಸಬರಿಗೆ ಅಥವಾ ಪೂಂಜಣಿಯಿಂದ ಮೆಲ್ಲಗೆ ಒರೆಸುವುದು. ಬಡಿದು ಕೊಡವಬಾರದು. ಬಲೆ ಹೆಣೆಯುವ ಮೊದಲೇ ಒರೆಸಿದರೆ ಜೇಡ ಬೇರೆ ಜಾಗ ನೋಡಿಕೊಳ್ಳುತ್ತದೆ.

– ತಿಂಗಳಿಗೊಮ್ಮೆ ಬಿಚ್ಚಿ ತೊಳೆಯುವುದು. ಬಿಚ್ಚಿದ ಬಟ್ಟೆಯನ್ನು ಮೊದಲು ನೆರಳಲ್ಲಿ ಹರವಿ ಸ್ವಲ್ಪ ಹೊತ್ತು ಬಿಡಬೇಕು, ಅದರಲ್ಲಿದ್ದ ಜೀವಗಳು ಹೋಗಲಿ. ಆಮೇಲೆ ಗಾಳಿಸಿದ ನೀರಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು. ನೇರ ಬಿಸಿಲಿಗೆ, ನೇರ ಬಿಸಿನೀರಿಗೆ ಹಾಕಬಾರದು.

– ಚಾತುರ್ಮಾಸ ಶುರುವಾಗುವ ಮೊದಲು ಮತ್ತು ದೀಪಾವಳಿಯ ಮೊದಲು ಲಾಡಿ, ಹೊಲಿಗೆ, ಗೂಟ ಎಲ್ಲ ಪರೀಕ್ಷಿಸುವುದು. ಮಳೆಗಾಲದಲ್ಲಿ ಜೀವೋತ್ಪತ್ತಿ ಹೆಚ್ಚು, ಮೇಲ್ಕಟ್ಟಿನ ಕೆಲಸವೂ ಆಗಲೇ ಹೆಚ್ಚು.

ಇಷ್ಟು ಮಾಡಲು ಆಗದ ಮನೆಯವರು ಬಟ್ಟೆಯ ಮೇಲ್ಕಟ್ಟು ಕಟ್ಟದೆ, ಬೆಳಿಗ್ಗೆ ಮಡಚಿಡುವ ಪರದೆ ಮಾತ್ರ ಬಳಸುವುದು ಒಳಿತು.

ಹುಟ್ಟಲು ಬಿಡದಿರುವುದೇ ಮೊದಲ ಅಹಿಂಸೆ

ಗುಂಗಾಡದಿಂದ ರೋಗ ಹರಡುತ್ತದೆ ಎನ್ನುವುದು ಹೊಸ ತಿಳುವಳಿಕೆಯೇನಲ್ಲ. 1897 ರ ಆಗಸ್ಟ್ 20 ರಂದು ರೊನಾಲ್ಡ್ ರಾಸ್ ಎಂಬ ವೈದ್ಯರು ನಮಗೆ ಬಹಳ ದೂರವಲ್ಲದ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು. ಮಲೇರಿಯಾ ಹರಡುವ ಅನಾಫಿಲಿಸ್, ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ರಾತ್ರಿ ಕಚ್ಚುತ್ತವೆ. ಡೆಂಗಿ ಹರಡುವ ಈಡಿಸ್ ಹಗಲು ಕಚ್ಚುತ್ತದೆ. ಆದ್ದರಿಂದ ಹಗಲು ಮಲಗುವ ಕೂಸು, ಬಾಣಂತಿ, ಮಧ್ಯಾಹ್ನ ಅಡ್ಡಾಗುವ ಹಿರಿಯರಿಗೂ ಪರದೆ ಬೇಕು. ಡೆಂಗಿಯನ್ನು ಕರ್ನಾಟಕ ಸರಕಾರ 2024 ರಲ್ಲಿ ಸಾಂಕ್ರಾಮಿಕ ರೋಗ ಎಂದು ಘೋಷಿಸಿತು, ಮನೆಯ ಸುತ್ತ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡದ ನಿಯಮವನ್ನೂ ತಂದಿತು.

ಗುಂಗಾಡದ ಮೊಟ್ಟೆ ನಿಂತ ನೀರಲ್ಲಿ ಒಡೆದು ಹುಳವಾಗಿ, ರೆಕ್ಕೆ ಬಂದು ಹಾರಲು ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ಡ್ರಮ್ಮಿನಲ್ಲಿ ಹುಳ ಆಡುವವರೆಗೆ ಬಿಟ್ಟು ಆಮೇಲೆ ನೀರು ಚೆಲ್ಲಿದರೆ ಸಾವಿರಾರು ತ್ರಸ ಜೀವ ಸಾಯುತ್ತವೆ, ಔಷಧಿ ಹಾಕಿದರೂ ಸಾಯುತ್ತವೆ. ನೀರು ತುಂಬಿದ ದಿನವೇ ಬಾಯಿಗೆ ದಪ್ಪ ಬಟ್ಟೆ ಬಿಗಿದು ಕಟ್ಟಿದರೆ ಗುಂಗಾಡ ಮೊಟ್ಟೆಯನ್ನೇ ಇಡುವುದಿಲ್ಲ. ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ ತಿಕ್ಕಿ ಒಣಗಿಸಿದರೆ ಹಿಂಸೆಯ ಪ್ರಸಂಗವೇ ಬರುವುದಿಲ್ಲ. ನೀರಿನ ಜಾಗಕ್ಕೂ ಮೇಲ್ಕಟ್ಟು ಇರಲಿ ಎಂದು ಹಿರಿಯರು ಹತ್ತರ ಪಟ್ಟಿಯಲ್ಲಿ ಹೇಳಿದ್ದನ್ನು ಇಲ್ಲಿ ನೆನೆಯಬೇಕು. ಹಾಸಿಗೆಯ ಪರದೆ ಕೊನೆಯ ಕಾವಲು, ನೀರಿನ ಮೇಲಿನ ಬಟ್ಟೆ ಮೊದಲ ಕಾವಲು.

ಸಾಮಾನ್ಯವಾಗಿ ಬರುವ ಪ್ರಶ್ನೆಗಳು

ಆರೋಗ್ಯ ಇಲಾಖೆಯವರು ಕೊಡುವ ಔಷಧಿ ಲೇಪಿತ ಪರದೆ ಬಳಸಬಹುದೇ?
ಆ ಪರದೆಗೆ ಕೂತ ಗುಂಗಾಡ ಸಾಯುತ್ತದೆ. ಆದ್ದರಿಂದ ಸಾಮಾನ್ಯ ದಿನಗಳಲ್ಲಿ ಲೇಪವಿಲ್ಲದ, ತೂತಿಲ್ಲದ ಪರದೆಯನ್ನು ಸರಿಯಾಗಿ ಸಿಕ್ಕಿಸಿ ಬಳಸುವುದು ಶ್ರಾವಕರಿಗೆ ಹೊಂದುತ್ತದೆ. ಆದರೆ ಲೇಪದ ಪರದೆಯ ರಕ್ಷಣೆ ಹೆಚ್ಚು ಎನ್ನುವುದೂ ನಿಜ. ಊರಲ್ಲಿ ಮಲೇರಿಯಾ ಹಬ್ಬಿ, ಮನೆಯಲ್ಲಿ ಗರ್ಭಿಣಿ ಅಥವಾ ಕೂಸು ಇದ್ದಾಗ ವೈದ್ಯರ ಮಾತು ಕೇಳಬೇಕು. ಪ್ರಾಣ ರಕ್ಷಣೆಗೆ ಅನಿವಾರ್ಯವಾಗಿ ಆಗುವುದಕ್ಕೂ ಬೇಸರಕ್ಕೆ ಬ್ಯಾಟು ಬೀಸುವುದಕ್ಕೂ ವ್ಯತ್ಯಾಸ ಇದೆ. ಸಂದೇಹವಿದ್ದವರು ತಮ್ಮ ಗುರುಗಳನ್ನು ಕೇಳಿ ನಡೆಯಲಿ. ಸಮಾಜದಲ್ಲಿ ಯಾರು ಏನೆಂದಾರು ಎಂಬ ಅಂಜಿಕೆಯಿಂದ ಮಗುವನ್ನು ರೋಗಕ್ಕೆ ಒಡ್ಡಬಾರದು.

ಆರ್‌ಸಿಸಿ ಮನೆಯಲ್ಲಿ ಬಟ್ಟೆಯ ಮೇಲ್ಕಟ್ಟು ಬೇಕೇ?
ಹಾಸಿಗೆಗೆ ಪರದೆ ಸಾಕು. ಒಲೆ, ನೀರು, ಪೂಜೆಯ ಕಡೆ ನಿಯಮ ಇಟ್ಟುಕೊಂಡವರು ಅಲ್ಲಿ ಕಟ್ಟಲಿ. ಗ್ಯಾಸಿನ ಉರಿ ಬಟ್ಟೆಗೆ ತಾಗದಷ್ಟು ಎತ್ತರ ನೋಡಿಕೊಳ್ಳಬೇಕು.

ಪ್ರವಾಸ, ತೀರ್ಥಯಾತ್ರೆಯಲ್ಲಿ?
ಮಡಚುವ ಪರದೆಗಳು ಈಗ ಎಲ್ಲ ಕಡೆ ಸಿಗುತ್ತವೆ. ಧರ್ಮಶಾಲೆಯಲ್ಲಿ ಹಾಸಿಗೆ ಹಾಸುವ ಮೊದಲು ಒಮ್ಮೆ ನೋಡಿ, ಒರೆಸಿ, ಆಮೇಲೆ ಪರದೆ ಕಟ್ಟುವ ರೂಢಿ ಇರಲಿ.

ಹಳೆಯ ಮೇಲ್ಕಟ್ಟನ್ನು ಏನು ಮಾಡಬೇಕು?
ಹಾಸಿಗೆಯ ಮೇಲೆ ಬಳಸಿದ್ದನ್ನು ಮಂದಿರಕ್ಕೆ, ಚೌಕಕ್ಕೆ ಕೊಡಬಾರದು. ತೊಳೆದು ಕೌದಿಯ ಒಳಪದರಕ್ಕೆ ಹಾಕಬಹುದು. ಗಟ್ಟಿ ಇದ್ದರೆ ನೀರಿನ ಡ್ರಮ್ಮಿನ ಬಾಯಿಗೆ ಕಟ್ಟಬಹುದು.

ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಸ್ವಾಮಿಯ ದರ್ಶನಕ್ಕೆ ಹೋದಾಗ ನಮ್ಮ ಕಣ್ಣು ಮೊದಲು ಆ ಹೆಡೆಗಳ ಕಡೆ ಹೋಗುತ್ತದೆ. ಉಪಸರ್ಗದ ಮಳೆಯಲ್ಲಿ ಧರಣೇಂದ್ರ ಸ್ವಾಮಿಯ ಮೇಲೆ ಹೆಡೆ ಎತ್ತಿ ಹಿಡಿದ ಎಂದು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಸಂಸಾರಿಗಳಾದ ನಮಗೆ ದಿನವೂ ಮಾಡಲು ಬರುವುದು ಅದಕ್ಕಿಂತ ಬಹಳ ಸಣ್ಣದು. ಸಂಜೆ ಹೊತ್ತು ಮುಳುಗುವ ಮೊದಲು ಹಾಸಿಗೆ ನೋಡಿ, ಪರದೆ ಇಳಿಬಿಟ್ಟು, ನೀರಿನ ಪಾತ್ರೆ ಮುಚ್ಚಿದರೆ ಆ ದಿನದ ಕೆಲಸ ಮುಗಿಯಿತು. ಐದು ನಿಮಿಷವೂ ಬೇಕಾಗುವುದಿಲ್ಲ.